ಕುದಿಯುತ್ತಲೇ ತಣ್ಣಗಾಗುವ ದ್ರವ

ಪ್ರಶ್ನೆ: ನಮ್ಮ ಕೂನೂರಿನಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವುದು ಕಷ್ಟ, ಬೆಟ್ಟದ ಮೇಲೆ ನೀರು ಬೇಗ ಕುದಿಯುವುದೇ ಕಾರಣ ಎನ್ನುತ್ತಾರೆ. ದ್ರವ ಹೀಲಿಯಂ ಅನ್ನು ಕುದಿಸಿಯೇ ಇನ್ನಷ್ಟು ತಣ್ಣಗೆ ಮಾಡುತ್ತಾರೆಂದು ಓದಿದೆ. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಕೂನೂರು

ಉತ್ತರ: ಅರ್ಧ ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಕೂನೂರು ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 94 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಕುದಿಯುತ್ತದೆ. ಉರಿ ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು.

ಹೀಲಿಯಂಗೆ ಬೆಟ್ಟ ಹತ್ತಿಸುವ ಕೆಲಸವನ್ನು ಪಂಪು ಮಾಡುತ್ತದೆ. ಸಾಧಾರಣ ಒತ್ತಡದಲ್ಲಿ ಅದು ಕುದಿಯುವುದು 4.2 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮೇಲಿನ ಆವಿಯನ್ನು ಪಂಪು ಎಳೆಯುತ್ತಾ ಹೋದರೆ ಒತ್ತಡ ಇಳಿದು ಹೀಲಿಯಂ ಜೋರಾಗಿ ಕುದಿಯುತ್ತದೆ. ಒಲೆ ಇಲ್ಲ, ಆವಿಯಾಗಲು ಬೇಕಾದ ಶಾಖ ಆ ದ್ರವದಿಂದಲೇ ಹೋಗಬೇಕು. ಉಳಿದದ್ದು ತಣ್ಣಗಾಗುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹೀಗೆಯೇ.

ಹಾಲೆಂಡಿನ ಲೈಡನ್‌ನಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ 1908ರ ಜುಲೈ 10ರಂದು ಮೊದಲ ಸಲ ಹೀಲಿಯಂ ಅನ್ನು ದ್ರವವಾಗಿಸಿದರು. ಅಂದೇ ಪಂಪು ಹಾಕಿ ಗಟ್ಟಿಯಾಗಿಸಲೂ ನೋಡಿದರು. ಆಗಲಿಲ್ಲ. ಹೀಲಿಯಂ ಪರಮಾಣು ಬಲು ಹಗುರ, ಒಂದನ್ನೊಂದು ಸೆಳೆಯುವ ಬಲವೂ ತೀರ ಕಡಿಮೆ. ಶಾಖವೆಲ್ಲ ಹೋದರೂ ಕ್ವಾಂಟಮ್ ನಿಯಮದಂತೆ ಉಳಿಯುವ ಅಲುಗಾಟ ಅವನ್ನು ಒಂದೆಡೆ ನಿಲ್ಲಗೊಡದು. ಗಟ್ಟಿಯಾಗಬೇಕಾದರೆ ವಾತಾವರಣದ 25 ಪಟ್ಟು ಒತ್ತಡ ಬೇಕು.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಮುಂದಿನದು. ಗಾಜಿನ ಪಾತ್ರೆಯಲ್ಲಿ ಹೀಲಿಯಂ ಕೊತಕೊತ ಕುದಿಯುತ್ತಿರುತ್ತದೆ, ತುಂಬ ಗುಳ್ಳೆ. ಉಷ್ಣತೆ 2.17 ಕೆಲ್ವಿನ್‌ಗೆ ಇಳಿದ ಗಳಿಗೆಯಲ್ಲೇ ಗುಳ್ಳೆಗಳೆಲ್ಲ ಮಾಯ! ಪಂಪು ಓಡುತ್ತಲೇ ಇದೆ, ಆವಿ ಹೋಗುತ್ತಲೇ ಇದೆ; ದ್ರವ ಮಾತ್ರ ಗಾಳಿಯಿಲ್ಲದ ಬೆಳಗಿನ ಕೆರೆಯಂತೆ ನಿಶ್ಚಲ. ಓನ್ನೆಸ್ ದ್ರವ ತಯಾರಿಸಿ 24 ವರ್ಷವಾದ ಮೇಲೆ, 1932ರಲ್ಲಿ, ಟೊರಾಂಟೊದ ಜಾನ್ ಮೆಕ್ಲೆನನ್ ತಂಡ ಇದನ್ನು ಬರೆದಿಟ್ಟಿತು.

ಗುಳ್ಳೆ ಏಳಬೇಕಾದರೆ ದ್ರವದೊಳಗೆ ಒಂದು ಕಡೆ ಶಾಖ ಹೆಚ್ಚಾಗಬೇಕು. 2.17ರ ಕೆಳಗೆ ಹೀಲಿಯಂ ತಾಮ್ರಕ್ಕಿಂತ ನೂರಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಯಾವ ಮೂಲೆಯೂ ಬಿಸಿಯಾಗಿ ಉಳಿಯದು. ಆವಿ ಮೇಲ್ಮೈಯಿಂದಷ್ಟೇ ಸದ್ದಿಲ್ಲದೆ ಹೊರಡುತ್ತದೆ. ಇದೇ ಅತಿದ್ರವ ಸ್ಥಿತಿ. ಇಲ್ಲಿ ಅದು ಅತಿಸಣ್ಣ ಸಂದಿಗಳಲ್ಲೂ ತಡೆಯಿಲ್ಲದೆ ಹರಿಯುತ್ತದೆಂದು ಮಾಸ್ಕೊದಲ್ಲಿ ಪ್ಯೋತರ್ ಕಪಿತ್ಸಾ, ಕೇಂಬ್ರಿಜ್‌ನಲ್ಲಿ ಜಾನ್ ಆಲನ್ ಮತ್ತು ಡಾನ್ ಮೈಸ್ನರ್ 1938ರ ಜನವರಿಯಲ್ಲಿ ಪ್ರಕಟಿಸಿದರು.

ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ದ್ರವ ಹೀಲಿಯಂ ತಯಾರಾಗುತ್ತದೆ. ಎಂಆರ್‌ಐ ಯಂತ್ರದ ಅಯಸ್ಕಾಂತವನ್ನು ತಣ್ಣಗಿಡಲು 4.2 ಕೆಲ್ವಿನ್‌ನ ಹೀಲಿಯಂ ಸಾಕು. ಜಿನೀವಾದ ಬಳಿ ನೆಲದಡಿಯಲ್ಲಿರುವ 27 ಕಿಲೋಮೀಟರ್ ಸುತ್ತಳತೆಯ ಕಣ ವೇಗವರ್ಧಕದ ಅಯಸ್ಕಾಂತಗಳನ್ನು ಮಾತ್ರ 1.9 ಕೆಲ್ವಿನ್‌ನಲ್ಲಿ, ಗುಳ್ಳೆಯೇಳದ ಆ ಹೀಲಿಯಂನಲ್ಲೇ ಮುಳುಗಿಸಿಟ್ಟಿದ್ದಾರೆ.