ದೊಡ್ಡ ಹಡಗು ಹತ್ತುವ ಮುನ್ನ

ಅಂಟಾರ್ಕ್ಟಿಕಾಕ್ಕೆ ಹೊರಡುವ ದೆಹಲಿಯವರೇ, ಟ್ರಾವೆಲ್ ಏಜೆಂಟರ ಮುಂದೆ ಕೂತು ಬಾಲ್ಕನಿ ಇದೆಯೇ, ಸಸ್ಯಾಹಾರ ಸಿಗುತ್ತದೆಯೇ ಎಂದು ವಿಚಾರಿಸುವುದು ಸರಿ. ಹಡಗಿನಲ್ಲಿ ಎಷ್ಟು ಜನ ಎಂದೂ ಕೇಳಿ. ಹಲವರು ಎಡವುವುದು ಅಲ್ಲೇ.

ಅಂಟಾರ್ಕ್ಟಿಕಾದ ನಿಯಮದಂತೆ 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರೂ ದಡಕ್ಕೆ ಇಳಿಯುವಂತಿಲ್ಲ. ಅಗ್ಗವೆಂದು ಹತ್ತಿದವರು ಪೆಂಗ್ವಿನ್‌ಗಳನ್ನು ದೂರದಿಂದಲೇ ನೋಡಿ ಬರಬೇಕು. ಚಿಕ್ಕ ಹಡಗಿನವರೂ ಒಂದು ತಾಣದಲ್ಲಿ ಒಮ್ಮೆಗೆ ನೂರೇ ಜನ ಇಳಿಯಬಹುದು. 400 ಜನರಿದ್ದರೆ ಬೂಟು, ಲೈಫ್ ಜಾಕೆಟ್ ತೊಟ್ಟು ರಬ್ಬರ್ ದೋಣಿಗಾಗಿ ಸರದಿ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಇನ್ನೂರರೊಳಗಿನ ಹಡಗು ದುಬಾರಿ, ನಿಜ. ಆದರೆ ಅಷ್ಟು ದೂರ ಹೋಗುವುದು ಇಳಿಯುವುದಕ್ಕೇ ಅಲ್ಲವೇ?

ಚಿಕ್ಕದಾದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಲೂಬೇಡಿ. ಧ್ರುವಯಾನಕ್ಕೆಂದೇ ಕಟ್ಟಿದ್ದ 'ಎಕ್ಸ್‌ಪ್ಲೋರರ್' 2007ರ ನವೆಂಬರ್ 23ರಂದು ಮಂಜುಗಡ್ಡೆಗೆ ಬಡಿದು ಮುಳುಗಿತು. ಹತ್ತಿರದಲ್ಲೇ ಇನ್ನೊಂದು ಹಡಗಿದ್ದುದರಿಂದ 'ಎಕ್ಸ್‌ಪ್ಲೋರರ್'ನಲ್ಲಿದ್ದ 154 ಜನರೂ ಬದುಕಿದರು. ಆದ್ದರಿಂದ ಹಡಗಿನ ಒಡಲು ಎಷ್ಟು ಗಟ್ಟಿ ಎಂಬುದರ ಜೊತೆಗೆ, ಕ್ಯಾಪ್ಟನ್‌ಗೆ ಆ ಹಿಮದಲ್ಲಿ ಎಷ್ಟು ವರ್ಷದ ಅನುಭವ ಎಂಬುದನ್ನೂ ಸಂಕೋಚವಿಲ್ಲದೆ ಕೇಳಿ.

ದಾರಿಯಲ್ಲಿ ಎದುರಾಗುವ ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ. ಕುಲುಕಾಟ ತಾಳದವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಹಿಡಿಯಲಿ.

ಇನ್ನೊಂದು ಮಾತು. ಅಲ್ಲಿನ ಪ್ರವಾಸದ ಹಂಗಾಮು ನವೆಂಬರ್‌ನಿಂದ ಮಾರ್ಚ್. ದೆಹಲಿ ವಿಮಾನ ನಿಲ್ದಾಣವನ್ನು ಮಂಜು ಕವಿಯುವುದೂ ಡಿಸೆಂಬರ್-ಜನವರಿಯಲ್ಲೇ. ವಿಮಾನ ತಡವಾದರೆ, ನೀವು ಹತ್ತಬೇಕಾದ ಹಡಗು ಉಶುವಾಯ ಬಂದರಿನಲ್ಲಿ ನಿಮಗಾಗಿ ಕಾಯುವುದಿಲ್ಲ, ಎರಡು ದಿನ ಮೊದಲೇ ಅಲ್ಲಿಗೆ ಮುಟ್ಟುವಂತೆ ಟಿಕೆಟ್ ಮಾಡಿಸಿ.