ಬಿಡಿಭಾಗದ ಬೆಲೆ ಬಿಲ್ಲಿನಲ್ಲಿ ಕಾಣುವಷ್ಟೇ ಅಲ್ಲ

ಗಂಗಾವತಿಯ ಅಕ್ಕಿ ಗಿರಣಿಯವರು ಭತ್ತ ಸುಲಿಯುವ ಯಂತ್ರಕ್ಕೆ ರಬ್ಬರ್ ರೋಲ್ ಕೊಳ್ಳುವಾಗ ಜೋಡಿಗೆ ಎಷ್ಟು ರೂಪಾಯಿ ಎಂದಷ್ಟೇ ಕೇಳುವುದಿಲ್ಲ. ಸವೆಯುವುದರೊಳಗೆ ಎಷ್ಟು ಕ್ವಿಂಟಲ್ ಸುಲಿದೀತು ಎಂದೂ ಕೇಳುತ್ತಾರೆ. ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ ಹೋಗಿ ವಿಮಾನ ಬಿಡಿಭಾಗಗಳ ಖರೀದಿ ವಿಭಾಗ ಸೇರಿದ ನನಗೆ ಕೆಲಸಕ್ಕೆ ಬಂದದ್ದು ಇದೇ ಲೆಕ್ಕ.

ವಿಮಾನದ ಬ್ರೇಕನ್ನೇ ನೋಡಿ. ಪಾರ್ಕಿಂಗ್ ಬ್ರೇಕ್ ಹಾಕಿದಾಗ ಪುಟ್ಟ ಪಿನ್ನೊಂದು ಹೊರಚಾಚಿ ಕಾಣುತ್ತದೆ. ಡಿಸ್ಕ್ ಸವೆದಂತೆಲ್ಲ ಅದು ಒಳಸರಿಯುತ್ತದೆ. ಮೇಲ್ಮೈಗೆ ಸಮನಾಯಿತೆಂದರೆ ಬ್ರೇಕ್ ಬದಲಿಸಬೇಕು. ಕಾರ್ಬನ್ ಡಿಸ್ಕ್ ಉಕ್ಕಿನದಕ್ಕಿಂತ ದುಬಾರಿ, ಆದರೆ ಹಗುರ, ಬಾಳಿಕೆಯೂ ಹೆಚ್ಚು. ಹಾಗಾಗಿ ಎಷ್ಟೋ ಏರ್‌ಲೈನ್‌ಗಳು ಪ್ರತಿ ಲ್ಯಾಂಡಿಂಗ್‌ಗೆ ಇಷ್ಟು ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. ಎಂಜಿನ್‌ಗಳಲ್ಲಿ ಈ ಪದ್ಧತಿ ಹಳೆಯದು: 1962ರಲ್ಲೇ ಬ್ರಿಸ್ಟಲ್ ಸಿಡ್ಲಿ ಕಂಪನಿ ವೈಪರ್ ಎಂಜಿನ್‌ಗೆ ಹಾರಾಟದ ಗಂಟೆಗಿಷ್ಟು ಎಂದು ದರ ಕಟ್ಟಿತ್ತು. ಭಾಗ ಬೇಗ ಕೆಟ್ಟರೆ ನಷ್ಟ ಮಾರಿದವನ ತಲೆಗೇ ಬರುತ್ತದೆ, ಅದಕ್ಕೇ ಈ ದರ ನ್ಯಾಯವಾದದ್ದು.

ಅಗ್ಗದ ಬೆಲೆ ಕಾಡಿಸುವುದು ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಹಳೆಯ ಭಾಗ ಮರಳಿಸಿ ಅದರ ಬದಲಿಗೆ ಬೇರೆಯದನ್ನು ಪಡೆಯುವ ವ್ಯವಹಾರದಲ್ಲಿ. ಒಬ್ಬ ಪೂರೈಕೆದಾರ ಶುಲ್ಕ ಕಡಿಮೆ ಹೇಳಿ ಪಂಪ್ ಕೊಟ್ಟ. ನಾವು ಮರಳಿಸಿದ ಹಳೆಯ ಪಂಪಿನ ರಿಪೇರಿ ಖರ್ಚನ್ನು ಆಮೇಲೆ ಬಿಲ್ಲಿಗೆ ಸೇರಿಸಿದ. ಅಲ್ಲಿಂದಾಚೆಗೆ ಶುಲ್ಕ, ರಿಪೇರಿಯ ಗರಿಷ್ಠ ಮಿತಿ, ಹಳೆಯದನ್ನು ಮರಳಿಸುವ ಗಡುವು ಮೂರನ್ನೂ ಬರೆಸಿಕೊಂಡೇ ದರಗಳನ್ನು ಹೋಲಿಸತೊಡಗಿದೆವು.

ದಾಖಲೆಯಿಲ್ಲದ ಭಾಗಕ್ಕಂತೂ ಬೆಲೆಯೇ ಇಲ್ಲ. ಲಂಡನ್ನಿನ ಎಒಜಿ ಟೆಕ್ನಿಕ್ಸ್ ಸಿಎಫ್‌ಎಂ56 ಎಂಜಿನ್ನಿನ ಭಾಗಗಳನ್ನು ನಕಲಿ ಪ್ರಮಾಣಪತ್ರದೊಂದಿಗೆ ಮಾರಿದ್ದು 2023ರಲ್ಲಿ ಬಯಲಾದಾಗ, ಹಲವು ದೇಶಗಳ ಏರ್‌ಲೈನ್‌ಗಳು ಎಂಜಿನ್ ಬಿಚ್ಚಿ ಹುಡುಕಬೇಕಾಯಿತು.

ತೆರಿಗೆಯ ಹೊರೆ ಈಗ ಹಗುರ. ಆಮದು ಬಿಡಿಭಾಗಗಳ ಮೇಲೆ ಶೇ. 5ರಿಂದ 28ರವರೆಗೆ ಹರಡಿದ್ದ ಐಜಿಎಸ್‌ಟಿ, 2024ರ ಜುಲೈ 15ರಿಂದ ಏಕರೂಪವಾಗಿ ಶೇ. 5 ಆಗಿದೆ.

ಆಮದಷ್ಟೇ ಅಲ್ಲ, ಭಾಗಗಳು ನಮ್ಮಲ್ಲೂ ತಯಾರಾಗುತ್ತವೆ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಭಾಗಗಳನ್ನು ತಯಾರಿಸುವ ಏಕಸ್ ಕಂಪನಿಯೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಕಟ್ಟಿದೆ. ನಾಳೆ ವಿಮಾನದ ಭಾಗವನ್ನು ಇಲ್ಲೇ ಮಾಡಿದರೂ ಅಳತೆ, ತಪಾಸಣೆ, ದಾಖಲೆ ಪಕ್ಕಾ ಇದ್ದರಷ್ಟೇ ವಿಮಾನ ಅದನ್ನು ಒಪ್ಪುತ್ತದೆ. ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಐಟಿಐಗಳು ಲೇತ್ ಕೆಲಸದ ಜೊತೆಗೆ ಇದನ್ನೂ ಮಕ್ಕಳಿಗೆ ಕಲಿಸಲಿ.