ಸ್ಕ್ಯಾನ್ ಒಂದೇ ಸಲಕ್ಕೆ ಸರಿಯಾಗಿ ಬರಲು ಏಳು ಸೂತ್ರಗಳು

ಬೆಳಗಾವಿ, ವಿಜಯಪುರ ಕಡೆಯವರು ಮನೆಯ ಹಿರಿಯರನ್ನು ತಪಾಸಣೆಗೆಂದು ಪುಣೆಗೆ ಕರೆತರುವುದುಂಟು. ಸದಾಶಿವ ಪೇಠದ ನೆಂಟರ ಮನೆಯಲ್ಲಿ ಇಳಿದು ಸ್ಕ್ಯಾನಿಗೆ ಹೊರಡುವವರು ಒಂದು ಮಾತು ನೆನಪಿಡಿ: ಯಂತ್ರ ಎಷ್ಟೇ ಒಳ್ಳೆಯದಿರಲಿ, ಮಲಗಿದವರು ಅಲುಗಿದರೆ ಚಿತ್ರ ಕೆಡುತ್ತದೆ. ಅಲುಗದೆ ಇರುವುದು ಬರೀ ಹಟದಿಂದ ಆಗುವುದಲ್ಲ, ಅದಕ್ಕೆ ಮೊದಲೇ ಸಿದ್ಧತೆ ಬೇಕು.

1. ಕಾರಣ ತಿಳಿದುಕೊಳ್ಳಿ. ಎಂಆರ್‌ಐ ಕ್ಷಣದಲ್ಲಿ ತೆಗೆಯುವ ಫೋಟೋ ಅಲ್ಲ. ಯಂತ್ರ ಹಲವು ನಿಮಿಷ ಸಂಕೇತಗಳನ್ನು ಸಾಲುಸಾಲಾಗಿ ಕೂಡಿಸಿಕೊಂಡು, ಕೊನೆಗೆ ಲೆಕ್ಕ ಹಾಕಿ ಚಿತ್ರ ಕಟ್ಟುತ್ತದೆ. ಪ್ರತಿ ಸಾಲಿನಲ್ಲೂ ಇಡೀ ಚಿತ್ರದ ಪಾಲಿರುವುದರಿಂದ ನಡುವೆ ತಲೆ ಹೊರಳಿಸಿದರೆ ಚಿತ್ರದ ಉದ್ದಕ್ಕೂ ನೆರಳುಗಳು ಮೂಡುತ್ತವೆ. ಸಿಟಿ ಸ್ಕ್ಯಾನಿನಲ್ಲಾದರೆ ಗೆರೆಗಳು, ಜೋಡಿ ಅಂಚುಗಳು. ‘ಆರ್ಟಿಫ್ಯಾಕ್ಟ್’ ಎನ್ನುವ ಈ ಸುಳ್ಳು ಗುರುತು ಇರುವ ರೋಗವನ್ನು ಮರೆಮಾಡಬಹುದು, ಇಲ್ಲದ ರೋಗವನ್ನು ತೋರಿಸಲೂಬಹುದು. ಸಿಟಿ ಮತ್ತೆ ಮಾಡಿದರೆ ವಿಕಿರಣವೂ ಹೆಚ್ಚು.

2. ತೊಂದರೆ ಮುಚ್ಚಿಡಬೇಡಿ. ಬೆನ್ನುನೋವು, ಕೆಮ್ಮು, ಕೈನಡುಕ ಇದ್ದರೆ ಸಮಯ ಗೊತ್ತುಮಾಡುವಾಗಲೇ ಹೇಳಿ. ಪಾರ್ಕಿನ್ಸನ್ ಇದ್ದವರು ಮಾತ್ರೆಯ ಹೊತ್ತನ್ನು ವೈದ್ಯರ ಬಳಿ ಕೇಳಿಕೊಳ್ಳಿ.

3. ಮೊದಲು ಹಾಯಾಗಿ ಮಲಗಿ. ಮೂತ್ರ ತಡೆದುಕೊಳ್ಳಿ ಎಂದು ಸ್ಕ್ಯಾನ್ ಸಿಬ್ಬಂದಿಯೇ ಹೇಳಿಲ್ಲವಾದರೆ ಹೋಗಿ ಬನ್ನಿ. ಮೊಣಕಾಲಡಿ ದಿಂಬು, ಮೇಲೊಂದು ಹೊದಿಕೆ ಕೇಳಲು ಸಂಕೋಚ ಬೇಡ. ಐದು ನಿಮಿಷಕ್ಕೆ ಸಹಿಸಬಹುದಾದ ಭಂಗಿ ಅರ್ಧ ಗಂಟೆಗೆ ಸಾಲದು.

4. ಉಸಿರು ಹಿಡಿಯುವುದನ್ನು ಮನೆಯಲ್ಲೇ ರೂಢಿಸಿಕೊಳ್ಳಿ. 1971ರಲ್ಲಿ ಲಂಡನ್ನಿನಲ್ಲಿ ರೋಗಿಯ ಮೇಲೆ ಮೊದಲು ಬಳಸಿದ ಸಿಟಿ ಯಂತ್ರ ಒಂದೊಂದು ಸಲಕ್ಕೂ ಸುಮಾರು 5 ನಿಮಿಷ ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ರೋಗಿಗಳು ಉಸಿರು ಹಿಡಿಯಲಾರರು, ಆಗ ನೋಡಿದ್ದು ತಲೆಯನ್ನು ಮಾತ್ರ. ಇಂದು ಎದೆಯ ಸಿಟಿಗೆ ಕೆಲವೇ ಸೆಕೆಂಡು ಸಾಕು. ಹೊಟ್ಟೆಯ ಎಂಆರ್‌ಐಗೆ ಮಾತ್ರ 10–20 ಸೆಕೆಂಡಿನಂತೆ ಹಲವು ಸಲ ಹಿಡಿಯಬೇಕಾಗುತ್ತದೆ, ಪ್ರತಿ ಸಲವೂ ಒಂದೇ ಅಳತೆಯಲ್ಲಿ. ಪುಣೆಯಲ್ಲಿ ಸೂಚನೆ ಮರಾಠಿಯಲ್ಲಿ ಬರಬಹುದು: ‘ಶ್ವಾಸ ರೋಖೂನ ಧರಾ’, ‘ಹಲೂ ನಕಾ’. ಉಸಿರು ಹಿಡಿಯಿರಿ, ಅಲುಗಬೇಡಿ ಎಂದೇ ಅರ್ಥವೆಂದು ಹಿರಿಯರಿಗೆ ಮೊದಲೇ ಹೇಳಿಡಿ.

5. ಹೃದಯದ ಸಿಟಿಗೆ ಬೇಗ ತಲುಪಿ. ಗುಂಡಿಗೆಗೆ ನಿಲ್ಲು ಎನ್ನಲಾಗದು, ನಿಧಾನವಾಗಿಸಬಹುದಷ್ಟೆ. ನಿಮಿಷಕ್ಕೆ 60ರ ಆಸುಪಾಸಿನ ಬಡಿತ ಒಳ್ಳೆಯದು. ಬೇಕಾದರೆ ವೈದ್ಯರು ಮಾತ್ರೆ ಕೊಡುತ್ತಾರೆ. ಅಂದು ಕಾಫಿ, ಚಹಾ ಬಿಡಿ. ಟಿಳಕ ರಸ್ತೆಯ ದಟ್ಟಣೆಯಲ್ಲಿ ನುಗ್ಗಿ ಏದುಸಿರಿನಲ್ಲಿ ಬಂದು ಮಲಗಬೇಡಿ.

6. ಸದ್ದಿಗೆ ಸಜ್ಜಾಗಿ. ಎಂಆರ್‌ಐ ಸುರುಳಿಗಳು ಕಂಪಿಸಿ ಸದ್ದು 100 ಡೆಸಿಬಲ್ ದಾಟಬಹುದು. ಕಿವಿಗೆ ಹತ್ತಿ ಸಾಲದು, ಸಿಬ್ಬಂದಿ ಕೊಡುವ ಇಯರ್‌ಪ್ಲಗ್ ಸರಿಯಾಗಿ ಹಾಕಿಕೊಳ್ಳಿ. ಕೈಯಲ್ಲಿ ಒತ್ತುವ ಕರೆಗಂಟೆ ಇರುತ್ತದೆ. ಕೊಳವೆಯೊಳಗೆ ಭಯವಾಗುವವರು ಮುಂಚೆಯೇ ಹೇಳಿದರೆ ವೈದ್ಯರು ದಾರಿ ಹುಡುಕುತ್ತಾರೆ.

7. ಅಲುಗಿದರೆ ಆಗಲೇ ತಿಳಿಸಿ. ಸದ್ದು ನಿಂತಿತೆಂದು ಸ್ಕ್ಯಾನ್ ಮುಗಿಯಿತೆಂದುಕೊಳ್ಳಬೇಡಿ, ಅದು ಎರಡು ಸರಣಿಗಳ ನಡುವಿನ ಬಿಡುವಾಗಿರಬಹುದು. ಕೆಮ್ಮಿದಿರಾ, ಕಾಲು ಸರಿಸಿದಿರಾ? ಆ ಬಿಡುವಿನಲ್ಲಿ ಹೇಳಿ. ಒಂದು ಸರಣಿಯನ್ನು ಮತ್ತೆ ತೆಗೆಯಲು ಕೆಲವು ನಿಮಿಷ ಸಾಕು. ಊರಿಗೆ ಮರಳಿದ ಮೇಲೆ ತಿಳಿದರೆ ಹಿರಿಯ ಜೀವ ಇನ್ನೊಮ್ಮೆ ಪುಣೆಗೆ ಬರಬೇಕಾಗುತ್ತದೆ.